ಆರ್‌ಸೆಟಿ ತರಬೇತಿ: ಹೊಲಿಗೆ ಮಷಿನ್ನಿಗಿಂತ ರಿಂಗ್ ಆಟ ಮುಖ್ಯ

ಪತ್ರಿಕೆಯ ಒಳಪುಟದಲ್ಲಿ ಆಗಾಗ ಎರಡಿಂಚಿನ ಸುದ್ದಿ ಬರುತ್ತದೆ: ‘ಉಚಿತ ಹೊಲಿಗೆ ತರಬೇತಿ; ಊಟ, ವಸತಿ ಸಂಸ್ಥೆಯಿಂದಲೇ; ಆಸಕ್ತರು ಅರ್ಜಿ ಸಲ್ಲಿಸಿ.’ ಓದಿದವರು ಹೊಲಿಗೆ ಕ್ಲಾಸಿಗೆಂದೇ ಬ್ಯಾಗು ಕಟ್ಟಿಕೊಂಡು ಹೋಗುತ್ತಾರೆ. ಮೊದಲ ಒಂದೆರಡು ದಿನದಲ್ಲೇ ತರಬೇತುದಾರರು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಒಂದು ಗೂಟ ನಿಲ್ಲಿಸಿ, ಕೈಗೆ ರಿಂಗ್ ಕೊಟ್ಟು ‘ಎಸೀರಿ’ ಅಂದಾಗ, ಇದೇನು ಮಕ್ಕಳಾಟ ಅಂತ ಮುಖ ಮುಖ ನೋಡಿಕೊಳ್ಳುತ್ತಾರೆ. ಈ ತರಬೇತಿ ಕೊಡುವ ಆರ್‌ಸೆಟಿಯ, ಅಂದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯ, ಅಸಲಿ ಸರಕು ಇರುವುದು ಆ ಆಟದಲ್ಲೇ. ಬ್ಲೌಸ್ ಕತ್ತರಿಸುವುದನ್ನು ಪಕ್ಕದ ಬೀದಿಯ ಟೈಲರ್ ಕೂಡ ಕಲಿಸಿಯಾರು. ಗೂಟದಿಂದ ಎಷ್ಟು ದೂರ ನಿಂತು ಎಸೆಯಬೇಕು ಎಂದು ಕಲಿಸುವವರು ಸಿಗುವುದು ಕಷ್ಟ.

ಮಾದರಿ ನಮ್ಮ ನಾಡಿನದೇ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ, ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಅಲ್ಲಿನ ಶಿಕ್ಷಣ ಟ್ರಸ್ಟಿನ ಜೊತೆ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. (ಆ ಎರಡು ಬ್ಯಾಂಕುಗಳೇ 2020ರ ಏಪ್ರಿಲ್ 1ರಂದು ಒಂದಾದವು, ಅದು ಬೇರೆ ಕತೆ.) ನಿರುದ್ಯೋಗಿ ಯುವಕರನ್ನು ಕೆಲವೇ ದಿನ ಒಂದೇ ಸೂರಿನಡಿ ಇಟ್ಟು, ಕೈಕೆಲಸದ ಜೊತೆ ಧೈರ್ಯ, ಲೆಕ್ಕ, ಮಾತು ಕಲಿಸಿ, ಊರಿಗೆ ಹೋದ ಮೇಲೂ ಬೆನ್ನು ಬಿಡದಿರುವುದು ಅಲ್ಲಿನ ಪದ್ಧತಿ. ಇದನ್ನೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಆರ್‌ಸೆಟಿ ಎಂಬ ಹೆಸರಿನಲ್ಲಿ ಜಿಲ್ಲೆಗೊಂದರಂತೆ ದೇಶಕ್ಕೆಲ್ಲ ಹರಡಲು ಹೊರಟಿತು. ಜಾಗ ರಾಜ್ಯ ಸರ್ಕಾರದ್ದು, ಕಟ್ಟಡಕ್ಕೆ ಕೇಂದ್ರದ ಅನುದಾನ, ನಡೆಸುವ ಹೊಣೆ ಬ್ಯಾಂಕಿನದು. ನಿರ್ದೇಶಕರ ಕುರ್ಚಿಯಲ್ಲಿ ಸಾಮಾನ್ಯವಾಗಿ ಬ್ಯಾಂಕಿನ ಅಧಿಕಾರಿಯೇ ಇರುತ್ತಾರೆ. ಈ ಒಂದು ಸಂಗತಿಯಿಂದ ತರಬೇತಿಗೆ ಬಂದಿರುವ ಗುಣವೂ ದೋಷವೂ ಮುಂದೆ ಕಾಣುತ್ತವೆ.

ಕೋರ್ಸುಗಳ ಅವಧಿ ಕಸುಬಿಗೆ ತಕ್ಕಂತೆ. ಹೈನುಗಾರಿಕೆಯಂಥವು 10 ದಿನ. ಹೊಲಿಗೆ, ಮೊಬೈಲ್ ರಿಪೇರಿ, ಬ್ಯೂಟಿ ಪಾರ್ಲರ್, ದ್ವಿಚಕ್ರ ವಾಹನ ದುರಸ್ತಿಯಂಥವು ಒಂದು ತಿಂಗಳ ಆಸುಪಾಸು. ಕಸುಬು ಬಲ್ಲವರಿಗೆಂದೇ ಬರೀ ಉದ್ಯಮಶೀಲತೆಯ ಸಾಮಾನ್ಯ ಕೋರ್ಸೂ ಇದೆ. ಒಂದು ತಂಡದಲ್ಲಿ ಸುಮಾರು 25ರಿಂದ 35 ಜನ. 18 ತುಂಬಿರಬೇಕು, ವಯಸ್ಸಿನ ಮೇಲ್ಮಿತಿಯನ್ನು ಅರ್ಜಿ ಹಾಕುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಗ್ರಾಮೀಣ ಬಡ ಕುಟುಂಬದವರಿಗೆ ಮೊದಲ ಆದ್ಯತೆ. ದುಡ್ಡು ಒಂದು ರೂಪಾಯಿಯೂ ಇಲ್ಲ. ಯಾರಾದರೂ ‘ಸೀಟು ಮಾಡಿಸಿಕೊಡ್ತೀನಿ’ ಅಂತ ಕಾಸು ಕೇಳಿದರೆ ಅಂಥವರನ್ನು ನಂಬಬೇಡಿ.

ದಿನ ಬೆಳಗ್ಗೆ ಬೇಗ ಶುರು. ಯೋಗ, ಪ್ರಾರ್ಥನೆ, ಶ್ರಮದಾನ, ಆಮೇಲೆ ‘ಮಿಲ್ಲಿ’. ನಿನ್ನೆ ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಯಾವುದು ಎಂದು ಶಿಬಿರಾರ್ಥಿಗಳು ಎದ್ದು ನಿಂತು ಎಲ್ಲರೆದುರು ಹೇಳುವುದಕ್ಕೆ ಅಲ್ಲಿ ಆ ಹೆಸರು. ಇಂಗ್ಲಿಷಿನ ಐದು ಪದಗಳ (Most Important Lesson Learnt Yesterday) ಮೊದಲಕ್ಷರ ಪೋಣಿಸಿದ್ದು. ನೋಡಲು ಶಾಲೆಯ ಅಸೆಂಬ್ಲಿಯಂತೆ ಕಾಣುವ ಇದು ಅಗ್ಗದಲ್ಲಿ ಸಿಗುವ ಅತ್ಯುತ್ತಮ ಮಾತಿನ ತಾಲೀಮು. ಮೊದಲ ದಿನ ‘ಎಲ್ಲ ಚೆನ್ನಾಗಿತ್ತು ಸಾರ್’ ಎಂದು ಕೂರುವವರು ನಾಲ್ಕೈದನೆಯ ದಿನಕ್ಕೆ ಎರಡು ನಿಮಿಷ ಮಾತಾಡುತ್ತಾರೆ. ಗಿರಾಕಿಯ ಮುಂದೆ ‘ಇದಕ್ಕೆ ಇಷ್ಟು ರೇಟು’ ಎಂದು ತಲೆ ಎತ್ತಿ ಹೇಳುವುದಕ್ಕೂ ಇದೇ ನಾಲಿಗೆ ಬೇಕು. ಕೆಟ್ಟುಹೋಗುವುದು ಒಂದೇ ರೀತಿಯಲ್ಲಿ: ಚುರುಕಾದ ನಾಲ್ಕು ಜನರೇ ದಿನವೂ ಏಳುವುದು. ಹಾಜರಿ ಪುಸ್ತಕದ ಪ್ರಕಾರ ಸರದಿ ಇಡುವ ಕೇಂದ್ರಗಳಲ್ಲಿ ಈ ತೊಂದರೆ ಇಲ್ಲ. ಸರದಿ ಇಲ್ಲದಿದ್ದರೆ ನೀವೇ ಕೇಳಿ ಪಡೆಯಿರಿ.

ಈಗ ರಿಂಗ್ ಆಟ. ಇದರ ಹಿಂದೆ ಹಾರ್ವರ್ಡ್‌ನ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲ್ಯಾಂಡ್ ಇದ್ದಾರೆ. ಸಾಧನೆಯ ಹಂಬಲ ಹುಟ್ಟಿನಿಂದಲೇ ಬರಬೇಕೆಂದಿಲ್ಲ, ದೊಡ್ಡವರಲ್ಲೂ ಅದನ್ನು ತರಬೇತಿಯಿಂದ ಬೆಳೆಸಬಹುದು ಎಂದು ನಂಬಿದ್ದ ಅವರು 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ ಪರೀಕ್ಷಿಸಿದರು. ಇವತ್ತು ನಮ್ಮ ದೇಶದಲ್ಲಿ ನಡೆಯುವ ಉದ್ಯಮಶೀಲತಾ ತರಬೇತಿಗಳ ವರ್ತನೆಯ ಪಾಠಕ್ಕೆಲ್ಲ ಆ ಪ್ರಯೋಗವೇ ಬೇರು.

ಆಟ ಸರಿಯಾಗಿ ನಡೆದರೆ ಹೀಗಿರುತ್ತದೆ. ಗೂಟದಿಂದ ಒಂದೊಂದು ಅಡಿಗೆ ಗೆರೆ, ಹತ್ತು ಹನ್ನೆರಡು ಅಡಿಯವರೆಗೆ. ದೂರ ಹೆಚ್ಚಿದಂತೆ ಅಂಕ ಹೆಚ್ಚು. ಒಬ್ಬೊಬ್ಬರಿಗೆ ಒಂದು ಸುತ್ತಿಗೆ ಮೂರೋ ನಾಲ್ಕೋ ಎಸೆತ. ಮೊದಲ ಸುತ್ತು ಕೈ ಪಳಗಲಿಕ್ಕೆ. ಎರಡನೆಯ ಸುತ್ತಿನಲ್ಲಿ ಎಸೆಯುವ ಮೊದಲೇ ‘ಇಷ್ಟು ಅಡಿಯಿಂದ, ಇಷ್ಟು ಅಂಕ’ ಎಂದು ಚೀಟಿಯಲ್ಲಿ ಬರೆಯಬೇಕು. ಮೂರನೆಯದರಲ್ಲಿ ಅದನ್ನೇ ಎಲ್ಲರೆದುರು ಕೂಗಿ ಹೇಳಿ ಎಸೆಯಬೇಕು. ಗೆದ್ದವರು ಯಾರು ಎಂಬುದು ಮುಖ್ಯವಲ್ಲ. ನೋಡಬೇಕಾದದ್ದು ಮೂರು: ಎಲ್ಲಿ ನಿಂತಿರಿ, ತಪ್ಪಿದ ಮೇಲೆ ಜಾಗ ಬದಲಿಸಿದಿರೋ, ಜನ ನೋಡುತ್ತಿದ್ದಾಗ ಲೆಕ್ಕ ತಪ್ಪಿತೋ.

ಎರಡು ಅಡಿಯಲ್ಲಿ ನಿಂತು ಮೂರಕ್ಕೆ ಮೂರೂ ಹಾಕುವವರು ಸೋಲಿಗೆ ಹೆದರುವವರು. ಹನ್ನೆರಡು ಅಡಿಗೆ ಹೋಗಿ ನಿಲ್ಲುವವರು ಧೈರ್ಯವಂತರು ಅನ್ನಿಸುತ್ತದೆ, ಹಾಗಲ್ಲ. ಅಷ್ಟು ದೂರದಿಂದ ತಪ್ಪಿದರೆ ಯಾರೂ ಬೈಯುವುದಿಲ್ಲ, ಬಿದ್ದರೆ ಅದೃಷ್ಟ. ಅವರದೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆಯೇ. ಐದಾರು ಅಡಿಯಲ್ಲಿ ನಿಂತು, ಎರಡು ತಪ್ಪಿದರೆ ಅರ್ಧ ಅಡಿ ಮುಂದೆ ಬಂದು, ಬಿದ್ದರೆ ಒಂದಡಿ ಹಿಂದೆ ಸರಿಯುವವರ ಕೈಯಲ್ಲಿ ಮಾತ್ರ ಫಲಿತಾಂಶ ಅವರ ಶ್ರಮದ ಮೇಲೆ ನಿಂತಿರುತ್ತದೆ. ಇದನ್ನೇ ಅಂಗಡಿಗೆ ತನ್ನಿ: ತಿಂಗಳಿಗೆ ಹತ್ತು ಬ್ಲೌಸ್ ಸಾಕು ಅನ್ನುವವರು ಎರಡಡಿಯವರು. ಗಿರಾಕಿ ಇನ್ನೂ ಕಂಡಿಲ್ಲ, ಎರಡು ಲಕ್ಷದ ಕಸೂತಿ ಮಷಿನ್ನಿಗೆ ಕೊಟೇಶನ್ ತರುವವರು ಹನ್ನೆರಡಡಿಯವರು. ನಡುಗೆರೆಯವರು ಮೊದಲು ಒಂದು ಮಷಿನ್, ಮೂರು ತಿಂಗಳ ಲೆಕ್ಕ, ಆಮೇಲೆ ಎರಡನೆಯದು ಅನ್ನುತ್ತಾರೆ.

ಈ ಕೊನೆಯ ಕೊಂಡಿ ಹಾಕುವ ಕೆಲಸ ತರಬೇತುದಾರರದು, ಮತ್ತು ಹೆಚ್ಚಾಗಿ ಕೆಡುವುದು ಅಲ್ಲೇ. ಹೆಚ್ಚು ಅಂಕ ಬಂದವರಿಗೆ ಪೆನ್ನು ಬಹುಮಾನ ಕೊಟ್ಟು ಚಪ್ಪಾಳೆ ಹೊಡೆಸಿದರೆ ಇಡೀ ಪಾಠ ಕ್ರೀಡಾಕೂಟವಾಯಿತು. ಚೀಟಿ ಬರೆಸದೆ ಎಸೆಸಿದರೆ ಎಲ್ಲರೂ ‘ನಾನು ಅಷ್ಟೇ ಅಂದ್ಕೊಂಡಿದ್ದೆ’ ಅನ್ನುತ್ತಾರೆ; ಅಂದಾಜಿಗೂ ನಿಜಕ್ಕೂ ಇರುವ ಅಂತರವೇ ಕಾಣುವುದಿಲ್ಲ. ರಿಂಗ್ ತೀರ ಅಗಲವಾಗಿದ್ದರೆ ದೂರಕ್ಕೆ ಅರ್ಥವಿಲ್ಲ. 35 ಜನರ ತಂಡಕ್ಕೆ ಒಂದೇ ಗೂಟ ಇಟ್ಟರೆ ಆಟಕ್ಕೇ ಎರಡು ಗಂಟೆ ಹೋಗಿ, ಚರ್ಚೆಗೆ ಊಟದ ಗಂಟೆಯ ಮುಂಚಿನ ಹತ್ತು ನಿಮಿಷ ಉಳಿಯುತ್ತದೆ. ಆಟಕ್ಕೆ ಒಂದು ಗಂಟೆಯಾದರೆ ಚರ್ಚೆಗೂ ಒಂದು ಗಂಟೆ ಬೇಕು. ಒಳ್ಳೆಯ ತರಬೇತುದಾರರು ಸಿಕ್ಕರೆ ಈ ಭಾಗಕ್ಕೆ ಹತ್ತಕ್ಕೆ ಒಂಬತ್ತು ಕೊಡಬಹುದು. ಸಿಗದಿದ್ದರೆ ಮೂರೂ ಹೆಚ್ಚು.

ಗೋಪುರ ಕಟ್ಟುವ ಆಟ ಇದರ ಜೋಡಿ. ಕಣ್ಣಿಗೆ ಬಟ್ಟೆ, ಬಳಕೆಯಿಲ್ಲದ ಕೈಯಿಂದ, ಮರದ ಚೌಕ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಪಕ್ಕದಲ್ಲಿ ಇಬ್ಬರು ‘ಮನೆಯವರು’. ಶುರುವಿಗೆ ಮೂವರೂ ಎಷ್ಟು ತುಂಡು ನಿಲ್ಲುತ್ತದೆ ಎಂದು ಬೇರೆ ಬೇರೆ ಬರೆಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು ಕಟ್ಟುವವರಿಗಿಂತ ಪಕ್ಕದವರನ್ನು. ಒಬ್ಬರು ‘ಎಡಕ್ಕೆ, ಇನ್ನೂ ಎಡಕ್ಕೆ’ ಎಂದು ಉಸಿರು ಬಿಡದೆ ಹೇಳಿ ಗಾಬರಿ ಹುಟ್ಟಿಸುತ್ತಾರೆ. ಇನ್ನೊಬ್ಬರು ‘ಸಾಕು ಸಾಕು, ಬೀಳುತ್ತೆ’ ಎಂದು ತಡೆಯುತ್ತಾರೆ. ಕೈಹಿಡಿದೇ ಇಡಿಸುವವರೂ ಉಂಟು. ಮನೆಯಿಂದ ಮೊದಲ ಸಲ ಅಂಗಡಿ ಹಾಕಲು ಹೊರಟ ಹೆಣ್ಣುಮಗಳಿಗೆ ಈ ಮೂವರೂ ಅಡುಗೆಮನೆಯಲ್ಲೇ ಇರುತ್ತಾರೆ. ಯಾರ ಮಾತನ್ನು ಯಾವಾಗ ಕೇಳಬೇಕು, ಯಾವಾಗ ‘ನೀವು ಬರೀ ಎಡ ಬಲ ಹೇಳಿ, ಇಡುವುದು ನನಗೆ ಬಿಡಿ’ ಅನ್ನಬೇಕು ಎಂಬ ಮಾತು ಚರ್ಚೆಯಲ್ಲಿ ಬಂದರೆ ಆಟ ಸಾರ್ಥಕ. ಬಿದ್ದ ಗೋಪುರಕ್ಕೆ ನಕ್ಕು ಮುಂದಿನ ಪಾಠಕ್ಕೆ ಹೋದರೆ ಮರದ ತುಂಡು ಜೋಡಿಸಿದ್ದಷ್ಟೇ ಬಂತು.

ದೋಣಿ ಆಟವನ್ನು ನಾವು ಇವೆರಡಕ್ಕಿಂತಲೂ ಮೇಲಿಡುತ್ತೇವೆ, ಏಕೆಂದರೆ ಇದರಲ್ಲಿ ದುಡ್ಡಿದೆ. ಕಾಗದದ ಹಾಳೆಯನ್ನು ‘ಖರೀದಿಸಿ’, ನಿಗದಿತ ವೇಳೆಯಲ್ಲಿ ಮಾದರಿಯಂತೆ ದೋಣಿ ಮಡಚಿ ‘ಮಾರಬೇಕು’. ಹಾಳೆಗೆ 2 ರೂಪಾಯಿ, ಒಪ್ಪಿಗೆಯಾದ ದೋಣಿಗೆ 5 ರೂಪಾಯಿ, ಸಮಯ 5 ನಿಮಿಷ ಎಂದಿಟ್ಟುಕೊಳ್ಳಿ. ಅಂಚು ಸೇರದ್ದು, ತುದಿ ಹರಿದದ್ದು ತಿರಸ್ಕೃತ. ಉಳಿದ ಹಾಳೆ ವಾಪಸ್ಸಿಲ್ಲ. ಮೊದಲು ಒಂದು ದೋಣಿ ಮಡಚಿ ನೋಡಲು ಅವಕಾಶ ಇರುತ್ತದೆ. ಆಗ ಗಡಿಯಾರ ನೋಡಿಕೊಳ್ಳುವವರು ಹತ್ತಕ್ಕೆ ಒಬ್ಬರೋ ಇಬ್ಬರೋ. 50 ಸೆಕೆಂಡು ಹಿಡಿದಿದ್ದರೆ 300 ಸೆಕೆಂಡಿಗೆ 6 ದೋಣಿ. ಆದರೂ ಪಕ್ಕದವರು 12 ಹಾಳೆ ತೆಗೆದುಕೊಂಡರೆಂದು ತಾವೂ 12 ತೆಗೆದುಕೊಳ್ಳುತ್ತಾರೆ. 12 ಹಾಳೆಗೆ 24 ರೂಪಾಯಿ ಹೋಯಿತು. 6 ಮಡಚಿ, ಅದರಲ್ಲಿ 2 ತಿರಸ್ಕಾರವಾದರೆ ಬಂದದ್ದು 20. ನಾಲ್ಕು ರೂಪಾಯಿ ನಷ್ಟ. 6 ಹಾಳೆ ಮಾತ್ರ ಕೊಂಡಿದ್ದರೆ ಅದೇ ಕೆಲಸಕ್ಕೆ 8 ರೂಪಾಯಿ ಲಾಭ. ತನ್ನ ಕೈಯ ವೇಗ ಗೊತ್ತಿಲ್ಲದೆ ಸರಕು ತರುವುದು, ತಿರಸ್ಕಾರಕ್ಕೆ ಜಾಗ ಬಿಡದೆ ಲಾಭ ಲೆಕ್ಕ ಹಾಕುವುದು: ಊರಿನಲ್ಲಿ ಮುಚ್ಚಿದ ಎಷ್ಟೋ ಅಂಗಡಿಗಳ ಕತೆ ಈ ಐದು ನಿಮಿಷದಲ್ಲಿದೆ. ಆಟವನ್ನು ಎರಡು ಸಲ ಆಡಿಸುವ ಕೇಂದ್ರಗಳಿಗೆ ಹೆಚ್ಚು ಅಂಕ. ಎರಡನೆಯ ಸುತ್ತಿನಲ್ಲಿ ಖರೀದಿಯ ಸಂಖ್ಯೆ ಹೇಗೆ ಇಳಿಯುತ್ತದೆ ನೋಡಿ, ಕಲಿಕೆ ಕಣ್ಣಿಗೇ ಕಾಣುತ್ತದೆ.

ಸ್ವಭಾವವನ್ನು ಅಳೆಯುವ ಪ್ರಶ್ನಾವಳಿಯೂ ಇಂಥ ತರಬೇತಿಗಳಲ್ಲಿ ಕೈಗೆ ಬರುತ್ತದೆ. ವಿಶ್ವಸಂಸ್ಥೆಯ ಎಂಪ್ರೆಟೆಕ್ ಎಂಬ ಉದ್ಯಮಶೀಲತಾ ತರಬೇತಿ ಕಾರ್ಯಕ್ರಮ ಬಳಸುವ ರೂಪದಲ್ಲಿ 55 ವಾಕ್ಯಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ. ಅವಕಾಶ ಹುಡುಕಿ ಮುಂದೆ ನುಗ್ಗುವುದು, ಪಟ್ಟು ಬಿಡದಿರುವುದು, ಕೊಟ್ಟ ಮಾತಿಗೆ ನಿಲ್ಲುವುದು, ಗುಣಮಟ್ಟ, ಅಳೆದು ತೂಗಿದ ರಿಸ್ಕ್, ಗುರಿ, ಮಾಹಿತಿ ಹುಡುಕುವುದು, ಯೋಜನೆ, ಮನವೊಲಿಕೆ, ಆತ್ಮವಿಶ್ವಾಸ ಎಂಬ ಹತ್ತು ಗುಣಗಳಿಗೆ ಐದೈದು ವಾಕ್ಯ, ಐವತ್ತಾಯಿತು. ಮಿಕ್ಕ ಐದು ಯಾಕೆ? ಅವು ಬೆನ್ನು ತಟ್ಟಿಕೊಳ್ಳುವವರನ್ನು ಹಿಡಿಯುವ ಬಲೆ. 11, 22, 33, 44, 55ನೆಯ ವಾಕ್ಯಗಳ ಅಂಕ ಕೂಡಿದಾಗ 20 ಅಥವಾ ಅದಕ್ಕಿಂತ ಹೆಚ್ಚಾದರೆ ಪ್ರತಿ ಗುಣದ ಅಂಕದಿಂದಲೂ ಕಳೆಯಬೇಕು: 20–21 ಬಂದರೆ 3, 22–23ಕ್ಕೆ 5, 24–25ಕ್ಕೆ 7. ಸಮಯವಿಲ್ಲವೆಂದು ಈ ಕಳೆಯುವ ಹೆಜ್ಜೆಯನ್ನು ಬಿಟ್ಟರೆ ತಂಡದ ಎಲ್ಲರೂ ಮಹಾ ಉದ್ಯಮಿಗಳಾಗಿ ಹೊರಬರುತ್ತಾರೆ. ಕನ್ನಡ ಅನುವಾದ ಬಿಗಿಯಾಗಿಲ್ಲದಿದ್ದರೂ ಇದೇ ಗತಿ. ‘ನಾನು ಕಷ್ಟಪಟ್ಟು ಕೆಲಸ ಮಾಡುತ್ತೇನೆ’ ಎಂಬ ವಾಕ್ಯಕ್ಕೆ ಇಲ್ಲ ಅನ್ನುವವರು ಯಾರು? ಪ್ರಶ್ನಾವಳಿಯ ಉಪಯೋಗ ಹೆಚ್ಚಬೇಕಿದ್ದರೆ ಒಂದು ಪ್ರತಿಯನ್ನು ಮನೆಗೆ ತಂದು, ನಿಮ್ಮನ್ನು ಬಲ್ಲ ಒಬ್ಬರಿಂದ ನಿಮ್ಮ ಬಗ್ಗೆ ತುಂಬಿಸಿ. ಎರಡು ಹಾಳೆಗಳ ನಡುವೆ ಎಲ್ಲಿ ವ್ಯತ್ಯಾಸ ದೊಡ್ಡದೋ ಅಲ್ಲಿಂದ ಕೆಲಸ ಶುರು ಮಾಡಿ. ಹತ್ತೂ ಗುಣ ಒಟ್ಟಿಗೆ ತಿದ್ದಲು ಹೋಗಬೇಡಿ. ಒಂದು ತಿಂಗಳಿಗೆ ಒಂದು, ಅದೂ ಅಳೆಯಲಾಗುವ ಒಂದು ಅಭ್ಯಾಸದ ರೂಪದಲ್ಲಿ. ‘ಕೊಟ್ಟ ಮಾತಿಗೆ ನಿಲ್ಲುವುದು’ ದುರ್ಬಲವಾಗಿದ್ದರೆ, ಪ್ರತಿ ಆರ್ಡರಿನ ಪಕ್ಕ ಹೇಳಿದ ದಿನ, ಕೊಟ್ಟ ದಿನ ಎರಡನ್ನೂ ಬರೆಯಿರಿ. ತಿಂಗಳ ಕೊನೆಗೆ ತಡವಾದವು ಎಷ್ಟು ಎಣಿಸಿ. ಅಷ್ಟೇ.

ಮಾರುಕಟ್ಟೆ ಸಮೀಕ್ಷೆಗೆ ಒಂದು ದಿನ ಇರುತ್ತದೆ. ಇಡೀ ವೇಳಾಪಟ್ಟಿಯಲ್ಲಿ ಅತಿ ಹೆಚ್ಚು ಹಾಳಾಗುವ ದಿನ ಇದೇ. ಐದೈದು ಜನರ ಗುಂಪು ಒಂದು ಅಂಗಡಿಗೆ ನುಗ್ಗಿ ‘ಸಾರ್, ನಿಮ್ಮ ಲಾಭ ಎಷ್ಟು?’ ಎಂದು ಕೇಳುತ್ತದೆ. ಯಾವ ಅಂಗಡಿಯವರು ಹೇಳಿಯಾರು? ‘ಏನೋ ನಡೀತಿದೆ’ ಎಂಬ ಉತ್ತರ ಬರೆದುಕೊಂಡು, ಟೀ ಕುಡಿದು ವಾಪಸ್. ಇಬ್ಬಿಬ್ಬರಾಗಿ ಹೋಗಿ, ವ್ಯಾಪಾರ ತಣ್ಣಗಿರುವ ಮಧ್ಯಾಹ್ನದ ಹೊತ್ತು ಆರಿಸಿ, ಸಂತೆಯ ದಿನ ಬೇಡ. ಲಾಭವನ್ನು ಕೇಳದೆ ಲಾಭ ತಿಳಿಯುವ ಪ್ರಶ್ನೆಗಳಿವೆ: ವಾರಕ್ಕೆ ಎಷ್ಟು ಬ್ಲೌಸ್ ಬರುತ್ತವೆ, ಲೈನಿಂಗ್ ಇದ್ದದ್ದಕ್ಕೆ ಎಷ್ಟು, ಇಲ್ಲದ್ದಕ್ಕೆ ಎಷ್ಟು, ಈಗ ಕೊಟ್ಟರೆ ಯಾವತ್ತು ಸಿಗುತ್ತದೆ, ಯಾವ ತಿಂಗಳಲ್ಲಿ ಕೆಲಸ ಇರುವುದಿಲ್ಲ, ಹೊಲಿಸಿಕೊಂಡು ದುಡ್ಡು ಕೊಡದೆ ಹೋಗುವವರು ಎಷ್ಟು. ‘ಇಪ್ಪತ್ತು ದಿನ ಆಗುತ್ತಮ್ಮ’ ಎಂದು ಟೈಲರ್ ಹೇಳಿದರೆ ಆ ಬೀದಿಯಲ್ಲಿ ಇನ್ನೊಬ್ಬರಿಗೆ ಜಾಗ ಇದೆ. ‘ಸಂಜೆ ಬಾ’ ಅಂದರೆ ಇಲ್ಲ.

ಇದಕ್ಕಿಂತ ದೊಡ್ಡ ಲೋಪ ಒಂದುಂಟು. ಸಮೀಕ್ಷೆ ನಡೆಯುವುದು ತರಬೇತಿ ಕೇಂದ್ರ ಇರುವ ಪೇಟೆಯಲ್ಲಿ. ಅಂಗಡಿ ತೆರೆಯುವುದು ಮೂವತ್ತು ನಲವತ್ತು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ. ಜಿಲ್ಲಾ ಕೇಂದ್ರದ ರೇಟನ್ನು ಹಳ್ಳಿಯ ವರದಿಗೆ ಇಳಿಸಿದರೆ ಕಾಗದದ ಮೇಲೆ ಲಾಭ ಕಾಣುತ್ತದೆ, ಗಲ್ಲಾಪೆಟ್ಟಿಗೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ತರಬೇತಿಗೆ ಹೊರಡುವ ಮುಂಚಿನ ವಾರವೇ ನಿಮ್ಮೂರಲ್ಲೂ ಪಕ್ಕದೂರಲ್ಲೂ ಮೇಲಿನ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಹೋಗಿ. ತರಗತಿಯಲ್ಲಿ ನಿಮ್ಮ ಹತ್ತಿರ ಮಾತ್ರ ನಿಜವಾದ ಅಂಕಿ ಇರುತ್ತದೆ.

ಯೋಜನಾ ವರದಿಯ ಪಾಠದಲ್ಲಿ ಬ್ಯಾಂಕಿನವರು ನಡೆಸುವ ಸಂಸ್ಥೆಯ ಗುಣ ಚೆನ್ನಾಗಿ ಕಾಣುತ್ತದೆ. ಸ್ಥಿರ ಬಂಡವಾಳ, ದುಡಿಯುವ ಬಂಡವಾಳ, ಕಂತು, ಬಡ್ಡಿ, ಎಲ್ಲ ಅಚ್ಚುಕಟ್ಟು. ದೋಷವೂ ಅಲ್ಲೇ: ವರದಿ ಬ್ಯಾಂಕಿಗೆ ಒಪ್ಪಿಗೆಯಾಗುವಂತೆ ಬರೆಯುವುದನ್ನು ಕಲಿಸುತ್ತಾರೆ, ಮನೆಗೆ ಒಪ್ಪಿಗೆಯಾಗುವಂತೆ ಬರೆಯುವುದನ್ನು ಕಲಿಸುವುದು ಕಡಿಮೆ. ಒಂದು ಲೆಕ್ಕ ನೋಡಿ. ಅಂಕಿಗಳು ಉದಾಹರಣೆಗೆ ಮಾತ್ರ. ಬ್ಲೌಸ್ ಒಂದಕ್ಕೆ 150 ರೂಪಾಯಿ ಕೂಲಿ, ನೂಲು, ಹುಕ್ಕು, ಕ್ಯಾನ್ವಾಸ್ ಅಂತ 20 ರೂಪಾಯಿ ಖರ್ಚು, ಉಳಿಯುವುದು 130. ಬಾಡಿಗೆ 2,500, ಕರೆಂಟು 500, ಮೂರು ವರ್ಷಕ್ಕೆ ತೆಗೆದ 60,000 ರೂಪಾಯಿ ಸಾಲದ ಕಂತು ಸುಮಾರು 2,000. ಒಟ್ಟು 5,000. ತಿಂಗಳಿಗೆ 39 ಬ್ಲೌಸ್ ಹೊಲಿದರೆ ನಷ್ಟವಿಲ್ಲ ಎಂದು ವರದಿ ಹೇಳುತ್ತದೆ. ನೋಡಿದವರಿಗೆ ಹುರುಪು ಬರುತ್ತದೆ. ಆದರೆ ಹೊಲಿಯುವಾಕೆಯ ಸಂಬಳ ಎಲ್ಲಿ? ಮನೆಗೆಂದು ತಿಂಗಳಿಗೆ 8,000 ತೆಗೆಯಲೇಬೇಕಾದರೆ ಖರ್ಚು 13,000, ಬ್ಲೌಸ್ 100. ತಿಂಗಳಿಗೆ 25 ದಿನ ಕೆಲಸವಾದರೆ ದಿನಕ್ಕೆ ನಾಲ್ಕು. ಹೊಸದಾಗಿ ಕಲಿತ ಕೈಗೆ ದಿನಕ್ಕೆ ನಾಲ್ಕು, ಅದೂ ವಾಪಸ್ ಬಾರದಂತೆ ಹೊಲಿಯುವುದು ಮೊದಲ ತಿಂಗಳುಗಳಲ್ಲಿ ಸುಲಭವಲ್ಲ. ಮನೆಯ 8,000ವನ್ನು ಲೆಕ್ಕಕ್ಕೆ ಸೇರಿಸದವರು ಅದನ್ನು ತೆಗೆಯದೆ ಇರುವುದಿಲ್ಲ. ಬಟ್ಟೆ, ನೂಲಿಗೆ ಇಟ್ಟ ಹಣದಿಂದ ತೆಗೆಯುತ್ತಾರೆ. ಮೂರನೆಯ ತಿಂಗಳು ಕಂತು ತಪ್ಪುವುದು ಹೀಗೆ.

ಪರಿಹಾರ ಕಷ್ಟದ್ದಲ್ಲ. ವರದಿಯ ಎರಡು ಪ್ರತಿ ಮಾಡಿ. ನಿಮ್ಮದರಲ್ಲಿ ಮನೆಖರ್ಚು ಸೇರಿಸಿ, ಮೊದಲ ಮೂರು ತಿಂಗಳ ಕೆಲಸವನ್ನು ಅಂದುಕೊಂಡದ್ದರ ಅರ್ಧಕ್ಕೆ ಇಳಿಸಿ, ಆ ಕೊರತೆಯನ್ನು ದುಡಿಯುವ ಬಂಡವಾಳದಲ್ಲಿ ತೋರಿಸಿ. ಮದುವೆ, ಹಬ್ಬದ ಕಾಲದ ಆದಾಯವನ್ನು ಹನ್ನೆರಡು ತಿಂಗಳಿಗೆ ಸಮವಾಗಿ ಹಂಚಬೇಡಿ, ಆಷಾಢ ಆಷಾಢವೇ. ನಿಮ್ಮ ಪ್ರತಿಯ ಅಂಕಿಗಳೇ ಬ್ಯಾಂಕಿನ ಪ್ರತಿಗೂ ಹೋಗಲಿ ಎಂದು ನಿರ್ದೇಶಕರ ಹತ್ತಿರ ಕೇಳಲು ಹಿಂಜರಿಯಬೇಡಿ. ಕಂತು ಶುರುವಾಗುವ ಮೊದಲು ಕೆಲವು ತಿಂಗಳ ಬಿಡುವು ಬೇಕೆಂದು ಕೇಳುವುದಕ್ಕೆ ಆಧಾರವಾಗುವುದೂ ಈ ಅಂಕಿಗಳೇ.

ಸಾಲದ ವಿಷಯದಲ್ಲಿ ತಪ್ಪು ನಿರೀಕ್ಷೆ ಬಹಳ. ಸರ್ಟಿಫಿಕೇಟ್ ಸಿಕ್ಕರೆ ಸಾಲ ಸಿಕ್ಕಂತೆ ಎಂದು ಯಾರೂ ಹೇಳಿಲ್ಲ, ಆದರೂ ಎಲ್ಲರೂ ಹಾಗೇ ಕೇಳಿಸಿಕೊಂಡಿರುತ್ತಾರೆ. ಮುದ್ರಾ ಯೋಜನೆಯಲ್ಲಿ 50,000ದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ; ತರುಣ ಸಾಲ ತೀರಿಸಿದವರಿಗೆ 20 ಲಕ್ಷದವರೆಗೆ ಇನ್ನೊಂದು ಮೆಟ್ಟಿಲು. ಸಣ್ಣ ಉದ್ದಿಮೆಗೆ ಒಂದು ಮಿತಿಯವರೆಗಿನ ಸಾಲಕ್ಕೆ ಆಸ್ತಿ ಅಡ ಕೇಳುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಹಳೆಯ ಸಾಲದ ಕಂತು ಬಾಕಿ ಇದ್ದರೆ ಯಾವ ನಿಯಮವೂ ನೆರವಿಗೆ ಬರುವುದಿಲ್ಲ. ಸಂಘದ ಸಾಲ, ಬೈಕಿನ ಸಾಲ, ಮೊಬೈಲ್ ಆ್ಯಪಿನ ಚಿಲ್ಲರೆ ಸಾಲವೂ ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ಕೂತಿರುತ್ತದೆ. ತರಬೇತಿಗೆ ಸೇರುವ ಮುಂಚೆಯೇ ನಿಮ್ಮ ಸಿಬಿಲ್ ವರದಿ ತೆಗೆಸಿ ನೋಡಿ. ಬಾಕಿ ಇದ್ದರೆ ತೀರಿಸಿ, ಅದು ದಾಖಲೆಯಲ್ಲಿ ಸರಿಹೋಗಲು ಸಮಯ ಹಿಡಿಯುತ್ತದೆ.

ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಗೆಂದು ಬರುವವರಿಗೆ ಒಂದು ಮಾತು. ಅಲ್ಲಿ ಸಹಾಯಧನ ಸಾಮಾನ್ಯ ವರ್ಗಕ್ಕೆ ಪೇಟೆಯಲ್ಲಿ ಯೋಜನಾ ವೆಚ್ಚದ 15, ಹಳ್ಳಿಯಲ್ಲಿ 25 ಪ್ರತಿಶತ. ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಕ್ಕೆ 25 ಮತ್ತು 35. ಈ ಹಣ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂತು, ಘಟಕ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಅಷ್ಟು ಮೊತ್ತಕ್ಕೆ ಬಡ್ಡಿ ಇಲ್ಲ, ಅದೇ ಲಾಭ. ಸಬ್ಸಿಡಿಯಿಂದ ಮೊದಲ ವರ್ಷದ ಬಾಡಿಗೆ ಕಟ್ಟಬಹುದು ಎಂಬ ಲೆಕ್ಕದಲ್ಲಿ ಅಂಗಡಿ ಹಿಡಿಯಬೇಡಿ. ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಪುಕ್ಕಟೆ. ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತದೆ. ಅದಕ್ಕೆ ಐನೂರು ಸಾವಿರ ಕೀಳುವವರ ಬಾಗಿಲಿಗೆ ಹೋಗುವ ಅಗತ್ಯವಿಲ್ಲ.

ಕೈಕೆಲಸದ ಪಾಠದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಿಂಗಳಲ್ಲಿ ಅಡಿಪಾಯ ಬೀಳುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಬಯಸುವುದು ತಪ್ಪು. ಮಷಿನ್ನುಗಳ ಸಂಖ್ಯೆ ಮಾತ್ರ ಮೊದಲೇ ವಿಚಾರಿಸಿ. ಇಬ್ಬರಿಗೆ ಒಂದು ಮಷಿನ್ ಇದ್ದರೆ ನಿಮ್ಮ ಅಭ್ಯಾಸದ ಸಮಯ ಅರ್ಧ ಎಂದೇ ಅರ್ಥ. ರಾತ್ರಿ ಊಟದ ಮೇಲೆ ಕೋಣೆ ತೆರೆದಿಡುತ್ತಾರೋ ಕೇಳಿ. ವಸತಿಯಿದ್ದೂ ಸಂಜೆ ಆರಕ್ಕೆ ಬೀಗ ಬೀಳುವ ಕಡೆ ವಸತಿಯ ಅರ್ಧ ಪ್ರಯೋಜನ ಹೋಯಿತು. ಚಿಕ್ಕ ಮಕ್ಕಳ ತಾಯಂದಿರಿಗೆ ತಿಂಗಳು ಮನೆ ಬಿಟ್ಟಿರುವುದೇ ಆಗದ ಮಾತು. ಸಂಘದ ಹತ್ತು ಹದಿನೈದು ಜನ ಒಟ್ಟಾಗಿ ಬರೆದು ಕೇಳಿದರೆ ಹಳ್ಳಿಯಲ್ಲೇ ತಂಡ ನಡೆಸುವ ಏರ್ಪಾಡೂ ಆಗುವುದುಂಟು.

ಯಾರಿಗೆ ಇದು ಬೇಡ? ನೌಕರಿ ಹುಡುಕುವವರಿಗೆ ಬೇಡ. ಅವರಿಗೆಂದು ಬೇರೆ ಕೌಶಲ ಯೋಜನೆಗಳಿವೆ. ಈಗಾಗಲೇ ನಾಲ್ಕಾರು ಆಳಿಟ್ಟು ಘಟಕ ನಡೆಸುತ್ತಿರುವವರಿಗೆ ಇಲ್ಲಿನ ಪಾಠ ಸಪ್ಪೆ ಎನಿಸುತ್ತದೆ; ಧಾರವಾಡದ ಸಿಡಾಕ್ (ಕರ್ನಾಟಕ ಉದ್ಯಮಶೀಲತಾಭಿವೃದ್ಧಿ ಕೇಂದ್ರ) ವಿಚಾರಿಸಿ, ಬೆಂಗಳೂರಿನ ಮಹಿಳೆಯರಾದರೆ 1983ರಿಂದ ನಡೆಯುತ್ತಿರುವ, ಮಹಿಳಾ ಉದ್ಯಮಿಗಳ ಅವೇಕ್ ಸಂಘ ಇದೆ. ಬರೀ ಸರ್ಟಿಫಿಕೇಟಿಗಾಗಿ ಬರುವವರು ಒಂದು ಸೀಟನ್ನು ಬೇರೆಯವರಿಂದ ಕಸಿದಂತೆ, ಅಷ್ಟೇ.

ಇನ್ನು ಉಳಿದದ್ದು, ಬಹುತೇಕರು ತೆರೆಯದೆ ಬಿಡುವ ಪೊಟ್ಟಣ: ಎರಡು ವರ್ಷದ ಬೆಂಬಲ. ತರಬೇತಿ ಮುಗಿದ ಮೇಲೆ ಎರಡು ವರ್ಷ ಕಾಲ ಫೋನ್, ಭೇಟಿ, ಹಳೆಯ ಶಿಬಿರಾರ್ಥಿಗಳ ಸಭೆಗಳ ಮೂಲಕ ಬೆನ್ನಿಗಿರುವುದು ಸಂಸ್ಥೆಯ ಕರ್ತವ್ಯ. ನಿರ್ದೇಶಕರೇ ಬ್ಯಾಂಕಿನವರಾದ್ದರಿಂದ, ಶಾಖೆಯಲ್ಲಿ ಅರ್ಜಿ ಧೂಳು ಹಿಡಿದಾಗ ಅವರ ಒಂದು ಕರೆಗೆ ತೂಕ ಇರುತ್ತದೆ. ಇದು ಕೆಲಸ ಮಾಡದಿರುವುದಕ್ಕೆ ಕಾರಣ ಎರಡೂ ಕಡೆ ಇದೆ. ಅಲ್ಲಿ ಇಬ್ಬರು ಮೂವರು ಬೋಧಕರ ಮೇಲೆ ವರ್ಷಕ್ಕೆ ನೂರಾರು ಜನರ ಹೊರೆ. ಫೋನಿನಲ್ಲಿ ‘ಶುರು ಮಾಡಿದ್ರಾ?’ ಎಂದು ಕೇಳಿ ಹೌದು ಇಲ್ಲ ಬರೆದುಕೊಳ್ಳುವಷ್ಟಕ್ಕೆ ನಿಲ್ಲುತ್ತದೆ. ಇಲ್ಲಿ ಸಿಮ್ ಬದಲಾಗಿರುತ್ತದೆ, ಅಥವಾ ಅಂಗಡಿ ಕುಂಟುತ್ತಿದೆ ಎಂದು ಹೇಳಲು ನಾಚಿಕೆ.

ಆದ್ದರಿಂದ ಅವರ ಕರೆಗೆ ಕಾಯಬೇಡಿ. ಪ್ರತಿ ತಿಂಗಳ ಮೊದಲ ವಾರ ನೀವೇ ಕರೆ ಮಾಡಿ, ‘ಹೇಗಿದ್ದೀರಿ’ ಮುಗಿದ ಮೇಲೆ ನಾಲ್ಕು ಅಂಕಿ ಹೇಳಿ: ಎಷ್ಟು ಕೆಲಸ ಬಂತು, ಎಷ್ಟು ಹಣ ಕೈಗೆ ಬಂತು, ಎಷ್ಟು ಬಾಕಿ ಹೊರಗಿದೆ, ಮನೆಗೆ ಎಷ್ಟು ತೆಗೆದಿರಿ. ಅಂಕಿ ಹೇಳುವವರಿಗೆ ಬೋಧಕರು ಅಂಕಿಯಲ್ಲೇ ಉತ್ತರಿಸುತ್ತಾರೆ: ಬಾಕಿ ಮೂರು ತಿಂಗಳಿಂದ ಏರುತ್ತಿದ್ದರೆ ಅರ್ಧ ಮುಂಗಡ ತೆಗೆದುಕೊಳ್ಳಲು ಶುರು ಮಾಡಿ ಅನ್ನುತ್ತಾರೆ, ಕೆಲಸ ಹೆಚ್ಚಿ ಹಣ ಹೆಚ್ಚದಿದ್ದರೆ ರೇಟು ನೋಡಿ ಅನ್ನುತ್ತಾರೆ. ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶುಭಾಶಯದ ಚಿತ್ರಗಳು ತುಂಬದಂತೆ ನೋಡಿಕೊಂಡರೆ ನೂಲು, ಬಟ್ಟೆಯನ್ನು ಒಟ್ಟಾಗಿ ತರಿಸಲೂ ಅದೇ ಸಾಕು.

ಅರ್ಜಿ ಹಾಕುವ ಮೊದಲು ಕೇಂದ್ರಕ್ಕೆ ಫೋನ್ ಮಾಡಿದಾಗ ಊಟ ಹೇಗಿದೆ ಎಂದು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ಇವನ್ನೂ ಕೇಳಿ: ವರ್ತನೆಯ ಪಾಠಗಳನ್ನು ಕಾಯಂ ಬೋಧಕರೇ ತೆಗೆದುಕೊಳ್ಳುತ್ತಾರೋ, ಅತಿಥಿಗಳು ಬರುತ್ತಾರೋ, ರಿಂಗ್, ದೋಣಿ ಆಟಗಳಿಗೆ ಎಷ್ಟು ಗಂಟೆ, ಹಿಂದಿನ ತಂಡದಲ್ಲಿ ಅಂಗಡಿ ತೆರೆದ ಇಬ್ಬರ ಜೊತೆ ಮಾತಾಡಿಸುತ್ತೀರಾ. ಮೂರನೆಯ ಪ್ರಶ್ನೆಗೆ ಅಲ್ಲಿಂದಲೇ ‘ಬನ್ನಿ, ಅವರ ಅಂಗಡಿಗೇ ಕರೆದುಕೊಂಡು ಹೋಗುತ್ತೇವೆ’ ಎಂಬ ಉತ್ತರ ಬಂದರೆ ಬ್ಯಾಗು ಕಟ್ಟಿ.